ಉಪಾಸದ ತಾಕು

ನನ್ನ ಗಂಡ ತೀರಿಕೊಂಡು ಹತ್ತು ತಿಂಗಳಾದ ಮೇಲೆ ಅವರ ಕೆಲಸ ನನಗೆ ಸಿಕ್ಕಿತು. ಅನುಕಂಪದ ನೌಕರಿ ಅನ್ನುತ್ತಾರೆ ಅದಕ್ಕೆ. ಜಗಳೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಒಂದು ಸಣ್ಣ ಕೃಷಿ ಪ್ರಯೋಗದ ಫಾರಮ್ಮಿನಲ್ಲಿ ಅವರು ಕ್ಷೇತ್ರ ಸಹಾಯಕರಾಗಿದ್ದರು. ಬೆಳೆಯ ಎತ್ತರ ಅಳೆಯುವುದು, ಮಳೆ ಎಷ್ಟು ಬಿತ್ತೆಂದು ಬರೆಯುವುದು, ಕೊಯ್ಲಾದ ಮೇಲೆ ಕಾಳು ಒಣಗಿಸಿ ತೂಗುವುದು ಅವರ ಕೆಲಸ.

ನಾನು ಚನ್ನಗಿರಿಯಲ್ಲಿ ಹುಟ್ಟಿದವಳು. ನಮ್ಮಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ಹೊಲದಲ್ಲಿ ನಡೆದು ಅಭ್ಯಾಸವಿರಲಿಲ್ಲ. ರಾಗಿಯ ಪೈರಿಗೂ ನವಣೆಯ ಪೈರಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಮದುವೆಯಾಗಿ ಹೊನ್ನಾಳಿಗೆ ಹೋದ ಮೇಲೂ ಗಂಡನ ಫಾರಂ ಹೇಗಿದೆ ಅಂತ ನೋಡಿದವಳಲ್ಲ. ಅತ್ತೆ ಹಾಸಿಗೆ ಹಿಡಿದಿದ್ದರು, ಅವರನ್ನು ನೋಡಿಕೊಳ್ಳಲು ನಾನು ಹೊನ್ನಾಳಿಯಲ್ಲೇ ಉಳಿದೆ. ಇವರು ತಿಂಗಳಿಗೆ ಎರಡು ಸಲ ಬರುತ್ತಿದ್ದರು. ಬಂದವರು ಮೊದಲು ಹೊಳೆಗೆ ಹೋಗಿ ಮನಸಾರೆ ಸ್ನಾನ ಮಾಡಿ ಬರುತ್ತಿದ್ದರು. ಅಲ್ಲಿ ನೀರಿಗೆ ಬಹಳ ತೊಂದರೆ ಅನ್ನುತ್ತಿದ್ದರು. ಕೆಲಸದ ಬಗ್ಗೆ ಅದಕ್ಕಿಂತ ಹೆಚ್ಚು ಹೇಳಿದ್ದು ನೆನಪಿಲ್ಲ. ಒಂಬತ್ತು ವರ್ಷದ ಸಂಸಾರದಲ್ಲಿ ನಾವು ಒಟ್ಟಿಗೆ ಇದ್ದ ದಿನಗಳನ್ನು ಲೆಕ್ಕ ಹಾಕಿದರೆ ಒಂದು ವರ್ಷವೂ ಆಗಲಾರದು. ಮಕ್ಕಳಾಗಿರಲಿಲ್ಲ. ಮಗ ಹೋಗುವುದಕ್ಕೆ ಮೂರು ತಿಂಗಳು ಮೊದಲೇ ಅತ್ತೆ ಹೋಗಿದ್ದರು. ಹೀಗಾಗಿ ನೌಕರಿಯ ಆದೇಶ ಬಂದಾಗ ನನ್ನನ್ನು ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ಒಂದು ಟ್ರಂಕು, ಒಂದು ಗ್ಯಾಸ್ ಒಲೆ ತೆಗೆದುಕೊಂಡು ಜಗಳೂರಿಗೆ ಹೋದೆ.

ಅವರಿದ್ದ ಕ್ವಾರ್ಟರ್ಸನ್ನೇ ನನಗೆ ಕೊಟ್ಟರು. ಎರಡು ಕೋಣೆ, ಹಿಂದೆ ಒಂದು ಬೇವಿನ ಮರ. ಗೋಡೆಯ ಮೊಳೆಯಲ್ಲಿ ಅವರ ಟೋಪಿ ಹಾಗೇ ತೂಗುತ್ತಿತ್ತು, ಬಿಸಿಲಿಗೆ ಹಾಕುವ ಬಟ್ಟೆಯ ಟೋಪಿ. ಅವರು ಬದುಕಿದ್ದಾಗ ಅವರ ಜೊತೆ ಇರದಿದ್ದವಳು ಅವರು ಹೋದ ಮೇಲೆ ಅವರ ಮನೆಗೆ ಬಂದೆ.

ಮೊದಲ ದಿನ ಪ್ರಯೋಗದ ಹೊಣೆ ಹೊತ್ತಿದ್ದ ವಿಜ್ಞಾನಿಯೇ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಅವರು ದೂರದ ದೊಡ್ಡ ಕಚೇರಿಯಲ್ಲಿ ಇರುವವರು, ತಿಂಗಳಿಗೊಮ್ಮೆ ಜೀಪಿನಲ್ಲಿ ಬರುತ್ತಿದ್ದರು. ಫಾರಮ್ಮಿನ ಹಿಂಬದಿಯಲ್ಲಿ ಕೆಂಪು ಮಣ್ಣಿನ ಮಟ್ಟಸ ಜಾಗ. ಅದನ್ನು ಸಣ್ಣ ಸಣ್ಣ ತಾಕುಗಳಾಗಿ ಮಾಡಿ ಬದು ಹಾಕಿದ್ದರು. ಎಲ್ಲದರಲ್ಲೂ ರಾಗಿ. ಪ್ರತಿ ವರ್ಷವೂ ರಾಗಿಯೇ, ಅದೇ ಜಾಗದಲ್ಲಿ. ಕೆಲವು ತಾಕಿಗೆ ಕೊಟ್ಟಿಗೆ ಗೊಬ್ಬರ ಮಾತ್ರ, ಕೆಲವಕ್ಕೆ ಚೀಲದ ಗೊಬ್ಬರ ಮಾತ್ರ, ಕೆಲವಕ್ಕೆ ಎರಡೂ. ಇನ್ನು ನಾಲ್ಕು ತಾಕಿಗೆ ಏನೂ ಇಲ್ಲ. ಉಳುವುದು, ಬಿತ್ತುವುದು, ಕಳೆ ಕೀಳುವುದು ಎಲ್ಲ ಉಳಿದವುಗಳಂತೆಯೇ, ಗೊಬ್ಬರ ಮಾತ್ರ ಒಂದು ಹಿಡಿಯೂ ಇಲ್ಲ. ನಾನು ಮದುವೆಯಾಗುವ ಹತ್ತು ವರ್ಷ ಮೊದಲೇ ಇದು ಶುರುವಾಗಿತ್ತಂತೆ. ಏನೂ ಕೊಡದೆ ಬರೀ ತೆಗೆದುಕೊಳ್ಳುತ್ತಾ ಹೋದರೆ ಮಣ್ಣು ಎಷ್ಟು ವರ್ಷ ಕೊಡುತ್ತದೆ, ಎಷ್ಟು ಕೊಡುತ್ತದೆ, ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ನೋಡುವುದು. ಅದನ್ನು ನೋಡದೆ ಉಳಿದವುಗಳ ಬೆಳೆಗೆ ಬೆಲೆ ಕಟ್ಟಲು ಆಗುವುದಿಲ್ಲ ಎಂದರು.

ಇದು ಯಾವಾಗ ಮುಗಿಯುತ್ತದೆ ಸರ್ ಅಂತ ಕೇಳಿದೆ.

"ಮುಗಿಸೋದಕ್ಕೆ ಅಂತ ಶುರು ಮಾಡಿದ್ದಲ್ಲಮ್ಮ," ಅಂದರು. "ಶುರು ಮಾಡಿದವರು ರಿಟೈರಾಗಿ ತೀರಿಕೊಂಡರು. ನಾನೂ ರಿಟೈರಾಗ್ತೀನಿ. ನೀವು ತಪ್ಪಿಲ್ಲದ ಹಾಗೆ ಬರೀತಾ ಹೋಗಿ."

ಏನೂ ಕೊಡದ ತಾಕಿಗೆ ಕಾಗದದಲ್ಲಿ ಬೇರೆ ಹೆಸರಿತ್ತು. ಕೂಲಿಯವರೆಲ್ಲ ಅದನ್ನು ಉಪಾಸದ ತಾಕು ಅನ್ನುತ್ತಿದ್ದರು. ಹೆಸರಿಟ್ಟವಳು ದೊಡ್ಡವ್ವ.

ದೊಡ್ಡವ್ವ ಅಂದರೆ ನನಗೇನೂ ಸಂಬಂಧಿಯಲ್ಲ. ಪಕ್ಕದ ಹಳ್ಳಿಯಿಂದ ದಿನಗೂಲಿಗೆ ಬರುವ ಹೆಂಗಸು. ನಾನು ಸೇರಿದಾಗಲೇ ಅರವತ್ತರ ಹತ್ತಿರ ಇದ್ದಿರಬೇಕು. ಪ್ರಯೋಗ ಶುರುವಾದ ಮೊದಲ ವರ್ಷ ಬದು ಕಟ್ಟಲು ಬಂದವಳು ಆಮೇಲೆ ಬಿಟ್ಟಿರಲಿಲ್ಲ. ರಾಗಿಯಲ್ಲಿ ತೆಂಡೆ ಅಂದರೆ ಏನು, ಬುಡದಿಂದ ಹೊಸ ಕವಲು ಒಡೆಯುವುದನ್ನು ಹೇಗೆ ಎಣಿಸಬೇಕು, ರಾಗಿಯ ಹಾಗೇ ಕಾಣುವ ಕಳೆಯನ್ನು ಗುರುತಿಸುವುದು ಹೇಗೆ, ಎಲ್ಲ ಕಲಿಸಿದ್ದು ಆಕೆ. ಎಲ್ಲರೆದುರು ನನ್ನನ್ನು ಅಮ್ಮಾರೆ ಅನ್ನುತ್ತಿದ್ದಳು. ಇಬ್ಬರೇ ಇದ್ದಾಗ ಬೂಬಮ್ಮ. ಉಪಾಸದ ತಾಕುಗಳಲ್ಲಿ ಆಕೆ ಕಳೆ ಕೀಳುವುದನ್ನು ನೋಡಬೇಕಿತ್ತು. ಉಳಿದ ತಾಕುಗಳಲ್ಲಿ ಕಳೆ ತೆಗೆಯುವ ಕುರ್ಚಿಗೆಯನ್ನು ಆಡಿಸಿಕೊಂಡು ಮುಂದೆ ಹೋಗುವವಳು ಇಲ್ಲಿ ಬೆರಳಲ್ಲೇ ಒಂದೊಂದನ್ನೂ ಹುಡುಕಿ ಕೀಳುತ್ತಿದ್ದಳು. ಅದಕ್ಕೆ ಇರೋದೇ ಇಷ್ಟು, ಅದರಾಗೆ ಕಳೆನೂ ಉಣ್ಣಬೇಕಾ ಅನ್ನುತ್ತಿದ್ದಳು.

ಸಂಜೆ ಐದೂವರೆಗೆ ಎಲ್ಲರೂ ಹೊರಟುಹೋಗುತ್ತಿದ್ದರು. ಗೇಟಿನ ಹತ್ತಿರ ವಾಚ್‌ಮನ್ ಇರುತ್ತಿದ್ದ, ಅವನ ರೇಡಿಯೊ ಗಾಳಿ ಬೀಸಿದ ಕಡೆಗೆ ಕೇಳುತ್ತಿತ್ತು. ನಾನು ಒಬ್ಬಳಿಗೆ ಅಕ್ಕಿ ಹಾಕುವುದನ್ನು ಕಲಿಯಲು ಬಹಳ ದಿನ ಬೇಕಾಯಿತು. ಊಟ ಮಾಡಿ, ಹಗಲು ಚೀಟಿಯಲ್ಲಿ ಗುರುತು ಹಾಕಿಕೊಂಡ ಅಂಕಿಗಳನ್ನು ಹಸಿರು ರಟ್ಟಿನ ಉದ್ದ ಪುಸ್ತಕಕ್ಕೆ ಇಳಿಸುತ್ತಿದ್ದೆ. ಬರೆಯುವಾಗ ಅಂಕಿಗಳನ್ನು ಜೋರಾಗಿ ಹೇಳುತ್ತಿದ್ದೆ. ಮನೆಯಲ್ಲಿ ಒಂದು ದನಿ ಇರಲಿ ಅಂತ. ಹಿಂದಿನ ಪುಟಗಳಲ್ಲಿ ಅವರ ಅಕ್ಷರ ಇತ್ತು. ಅವರ ಏಳು ಸ್ವಲ್ಪ ಹಿಂದಕ್ಕೆ ವಾಲುತ್ತಿತ್ತು. ಒಂದು ಪುಟದ ನಡುವಿನ ಸಾಲಿನಲ್ಲಿ ಅವರದು ನಿಂತು, ಐದಾರು ಪುಟ ಬೇರೆ ಯಾರದೋ ಅಕ್ಷರವಾಗಿ, ಆಮೇಲೆ ನನ್ನದು ಶುರುವಾಗುತ್ತಿತ್ತು.

ಆ ವರ್ಷಗಳಲ್ಲಿ ರಂಜಾನ್ ಮಳೆಗಾಲದಲ್ಲಿ ಬರುತ್ತಿತ್ತು, ರಾಗಿ ಮೊಳಕಾಲು ಎತ್ತರ ಇರುವಾಗ. ರೋಜಾ ಇದ್ದುಕೊಂಡೇ ಅಳತೆ ಮಾಡುತ್ತಿದ್ದೆ. ದೊಡ್ಡವ್ವ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವ ಮೊದಲು ನನಗೆ ಬೆನ್ನು ತಿರುಗಿಸುತ್ತಿದ್ದಳು. ಒಂದು ದಿನ ಉಪಾಸದ ತಾಕನ್ನೂ ನನ್ನನ್ನೂ ನೋಡಿ ಹೇಳಿದಳು.

"ನೀನೂ ಉಪಾಸ, ಅದೂ ಉಪಾಸ. ನಿಂದಾದ್ರೆ ಸಂಜಿಗೆ ಬಿಡ್ತೈತೆ."

ಆವತ್ತಿನಿಂದ ಆ ತಿಂಗಳು ಪೂರ್ತಿ ಆಕೆ ಉಳಿದವರ ಜೊತೆ ಹೋಗಲಿಲ್ಲ. ಹೊತ್ತು ಮುಳುಗುವ ತನಕ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ನಾನು ಖರ್ಜೂರ ಬಾಯಿಗೆ ಹಾಕಿ ನೀರು ಕುಡಿದದ್ದನ್ನು ನೋಡಿ, ತನಗೂ ಒಂದು ಖರ್ಜೂರ ಇಸಿದುಕೊಂಡು, ಆಮೇಲೆ ಊರ ದಾರಿ ಹಿಡಿಯುತ್ತಿದ್ದಳು. ಯಾಕೆ ಕಾಯುತ್ತೀಯ ಅಂತ ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಅಂತ ಭಯ ಇತ್ತು. ಮುಂದಿನ ವರ್ಷವೂ ಕೂತಳು, ಅದರ ಮುಂದಿನ ವರ್ಷವೂ.

ನಮ್ಮ ಪ್ರಯೋಗವನ್ನು ಕಂಡು ಜನ ಒಬ್ಬೊಬ್ಬರು ಒಂದೊಂದು ಮಾತಾಡುತ್ತಿದ್ದರು. ಚನ್ನಗಿರಿಯಲ್ಲಿ ನನ್ನ ಅಣ್ಣನಿಗೆ ನನ್ನ ಕೆಲಸ ಏನೆಂದು ವಿವರಿಸಿ ಸಾಕಾಯಿತು. ಏನೂ ಹಾಕದ ಹೊಲದಲ್ಲಿ ಏನು ಬೆಳೆಯುತ್ತದೆ ಅಂತ ನೋಡುವುದು ಅಂದೆ. ನೋಡಾಕೂ ಸಂಬಳ ಕೊಡ್ತಾರಾ ಅಂತ ಕೇಳಿದ. ಜಗಳೂರಿನ ಬಸ್ಸಿನ ಕಂಡಕ್ಟರೊಬ್ಬರು ಕಂಡಾಗಲೆಲ್ಲ ರಿಸಲ್ಟ್ ಬಂತೇನ್ರಿ ಮೇಡಂ ಅನ್ನುತ್ತಿದ್ದರು. ಬರಲಿಲ್ಲ ಅಂದರೆ ನಕ್ಕು ಟಿಕೆಟ್ ಹರಿಯುತ್ತಿದ್ದರು. ಒಬ್ಬ ರೈತರು ಉಪಾಸದ ತಾಕನ್ನು ಬಹಳ ಹೊತ್ತು ನೋಡಿ, ಈ ತುಂಡು ಕೋರ್ಟಿನಾಗೆ ಐತೇನ್ರಿ ಎಂದು ಮೆಲ್ಲಗೆ ವಿಚಾರಿಸಿದರು. ವ್ಯಾಜ್ಯದ ಜಮೀನಿಗೆ ಯಾರೂ ಗೊಬ್ಬರ ಹಾಕುವುದಿಲ್ಲವಲ್ಲ. ಮಗು ಎತ್ತಿಕೊಂಡ ಹೆಂಗಸರು ಆ ಬದುವಿನ ಮೇಲೆ ನಡೆಯುತ್ತಿರಲಿಲ್ಲ, ಸುತ್ತು ಹಾಕಿ ಹೋಗುತ್ತಿದ್ದರು. ತಪಾಸಣೆಗೆ ಬಂದ ಒಬ್ಬ ಅಧಿಕಾರಿ ವರ್ಷವರ್ಷದ ಅಂಕಿ ನೋಡಿ, ಸದರಿ ತಾಕಿನಲ್ಲಿ ಇಳುವರಿ ಸುಧಾರಿಸಲು ಮುಂದಿನ ಸಾಲಿನಲ್ಲಿ ಕ್ರಮ ಕೈಗೊಳ್ಳುವುದು ಎಂದು ಬರೆದು ಸಹಿ ಮಾಡಿ ಹೋದರು. ವಿಜ್ಞಾನಿಗಳು ಆ ಕಾಗದವನ್ನು ಓದಿ, ಮಡಿಸಿ, ಫೈಲಿನ ಕೊನೆಗೆ ಸೇರಿಸಿದರು.

ಇದೆಲ್ಲ ನಗುವಂಥದ್ದೇ. ನಾನೂ ನಗುತ್ತಿದ್ದೆ. ವಿಡಿಯೊ ಬಂದ ಮೇಲೆ ಮಾತ್ರ ಹಾಗೆ ಆಗಲಿಲ್ಲ.

ವರ್ಷಕ್ಕೊಮ್ಮೆ ರೈತರನ್ನು ಕರೆಸಿ ಹೊಲ ತೋರಿಸುವ ಕ್ಷೇತ್ರೋತ್ಸವ ಇರುತ್ತಿತ್ತು. ಆ ವರ್ಷ ಬಂದವರಲ್ಲಿ ಒಬ್ಬ ಯುವಕ ದಾರಿಯ ಪಕ್ಕದ ಉಪಾಸದ ತಾಕಿನ ಮುಂದೆ ನಿಂತು ಫೋನು ಹಿಡಿದ. ತಾಕಿನ ವಿವರ ಬರೆದ ತಗಡಿನ ಬೋರ್ಡು ಚಿತ್ರದಲ್ಲಿ ಬರದ ಹಾಗೆ ನಿಂತಿದ್ದ. ಬೇಕೆಂದೇ ನಿಂತನೋ, ಹಾಗೇ ಆಯಿತೋ ಗೊತ್ತಿಲ್ಲ. ನೋಡ್ರಿ, ದೊಡ್ಡ ದೊಡ್ಡ ಓದಿದೋರು ಬೆಳೆದ ರಾಗಿ, ನಮ್ಮಜ್ಜನ ಗಡ್ಡ ಇದಕ್ಕಿಂತ ದಟ್ಟಗೈತೆ ಅಂತ ಹೇಳುತ್ತಾ ಫೋನನ್ನು ತಿರುಗಿಸಿದ. ಅಲ್ಲಿ ದೊಡ್ಡವ್ವ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದಳು. ಎಷ್ಟು ವರ್ಷದಿಂದ ಇದನ್ನ ಮಾಡ್ತೀಯಜ್ಜಿ ಅಂತ ಕೇಳಿದ. ಆಕೆ ತಲೆ ಎತ್ತಿ, ಕ್ಯಾಮೆರಾ ಅಂತ ಗೊತ್ತಾಗಿ, ಸೆರಗು ಸರಿ ಮಾಡಿಕೊಂಡು, ಇದು ಶುರು ಆದಾಗಿಂದ ನಾನೇ ಅಂದಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು. ವಿಡಿಯೊ ಅಲ್ಲಿಗೆ ನಿಲ್ಲುತ್ತಿತ್ತು, ಕೊನೆಯಲ್ಲಿ ನಗುವ ಮುಖಗಳ ಸಾಲು.

ಅದು ನನಗೆ ತಲುಪಿದ್ದು ಚನ್ನಗಿರಿಯ ಅಣ್ಣನಿಂದ. ಅವನಿಗೆ ಸಂತೇಬೆನ್ನೂರಿನ ಗೆಳೆಯರೊಬ್ಬರು ಕಳಿಸಿದ್ದರಂತೆ. ಬಸವಾಪಟ್ಟಣದ ಕಡೆಯೂ ಓಡಾಡಿದೆ ಅಂದ. ನಿಮ್ಮ ಫಾರಮ್ಮೇ ಅಲ್ವೇನು ಅಂತ ಕೇಳಿ ನಕ್ಕ. ಕೆಳಗೆ ಜನ ಬರೆದದ್ದನ್ನು ಓದುತ್ತಾ ಹೋದೆ. ನಮ್ಮ ತೆರಿಗೆಯಲ್ಲಿ ಇವರ ಆಟ ಅಂತ ಒಬ್ಬರು. ಈ ಅಜ್ಜಿಯನ್ನು ಮನೆಗೆ ಕಳಿಸಿ ರಾಗಿ ಬದುಕೀತು ಅಂತ ಇನ್ನೊಬ್ಬರು. ಇದು ಪ್ರಯೋಗ, ಮೂವತ್ತು ವರ್ಷದಿಂದ ಬೇಕೆಂದೇ ಗೊಬ್ಬರ ಹಾಕಿಲ್ಲ ಅಂತ ನಾನು ಬರೆದೆ. ಅದರ ಕೆಳಗೆ ಯಾರೋ, ಗೊಬ್ಬರ ಹಾಕದಿದ್ದರೆ ಬೆಳೆಯಲ್ಲ ಅಂತ ತಿಳಿಯಾಕೆ ಮೂವತ್ತು ವರ್ಷ ಬೇಕಾ ಅಂತ ಬರೆದರು. ಮಣ್ಣು ಪೂರ್ತಿ ಸಾಯುವುದಿಲ್ಲ, ಒಂದು ಮಟ್ಟಕ್ಕೆ ಇಳಿದು ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ, ಆ ಮಟ್ಟ ಯಾವುದೆಂದು ತಿಳಿಯಲಿಕ್ಕೇ ಅಷ್ಟು ವರ್ಷ ಬೇಕು ಅಂತ ಹೇಳಬಹುದಿತ್ತು. ಬರೆದು ಅಳಿಸಿದೆ.

ದೊಡ್ಡವ್ವನಿಗೆ ಅಂಥ ಫೋನಿರಲಿಲ್ಲ. ಊರಿನವರು ತೋರಿಸಿದರು. ಆಮೇಲೆ ಆಕೆ ದಾರಿಯ ಪಕ್ಕದ ತಾಕಿನಲ್ಲಿ ಕೂರುವಾಗ ಸೆರಗು ಕಣ್ಣಿನವರೆಗೆ ಎಳೆದುಕೊಂಡು, ದಾರಿಗೆ ಬೆನ್ನು ಮಾಡಿ ಕೂರುತ್ತಿದ್ದಳು.

ಮುಂದಿನ ಬೇಸಿಗೆಯ ಕೊನೆಯಲ್ಲಿ, ಬಿತ್ತನೆಗೆ ಇನ್ನೂ ಒಂದು ತಿಂಗಳಿರುವಾಗ, ನಾನು ಅತ್ತೆಯ ಕಡೆಯವರ ಮದುವೆಗೆಂದು ಹೊನ್ನಾಳಿಗೆ ಹೋಗಿ ಬಂದೆ. ನಾನಿಲ್ಲದ ದಿನಗಳಲ್ಲಿ ಅಮಾವಾಸ್ಯೆಯೂ ಬಂದಿತ್ತು, ಆವತ್ತು ಯಾರೂ ಕೆಲಸಕ್ಕೆ ಬರುವುದಿಲ್ಲ. ಬಂದು ನೋಡಿದಾಗ ಹೊಲ ಹೇಗಿತ್ತೋ ಹಾಗೇ ಇತ್ತು. ಮಳೆಯಾಯಿತು, ಉತ್ತರು, ಬಿತ್ತಿದರು.

ಬಿತ್ತಿ ನಲವತ್ತು ದಿನದ ಮೊದಲ ಅಳತೆಗೆ ಹೋದಾಗ ನನಗೆ ಗೊತ್ತಾಯಿತು. ದಾರಿಯ ಪಕ್ಕದ ಉಪಾಸದ ತಾಕಿನಲ್ಲಿ ರಾಗಿ ಕಡುಹಸಿರಾಗಿ ನಿಂತಿತ್ತು. ಉಳಿದ ಮೂರು ಉಪಾಸದ ತಾಕುಗಳಲ್ಲಿ ಎಂದಿನಂತೆ ತಿಳಿಹಳದಿ, ಗಿಡಕ್ಕೊಂದು ತೆಂಡೆ ಇದ್ದರೆ ಇತ್ತು. ಇಲ್ಲಿ ಗಿಡಕ್ಕೆ ನಾಲ್ಕು, ಐದು. ಕೂತು ಬುಡದ ಮಣ್ಣು ಕೆದಕಿದೆ. ಪುಡಿಯಾದ ಕುರಿ ಹಿಕ್ಕೆ ಸಿಕ್ಕಿತು.

ನಿಜ ಹೇಳಬೇಕೆಂದರೆ ಮೊದಲು ಆದದ್ದು ಸಂತೋಷ. ಹನ್ನೊಂದು ವರ್ಷ ನಾನು ಆ ತಾಕನ್ನು ಅಳೆದಿದ್ದೆ. ಅದು ಹೀಗೂ ಇರಬಲ್ಲದು ಅಂತ ಕಂಡಿರಲಿಲ್ಲ. ಎಲೆಗಳ ಮೇಲೆ ಕೈಯಾಡಿಸಿದೆ. ಹೆದರಿಕೆ ಆಮೇಲೆ ಬಂತು. ಯಾರು ಹಾಕಿದ್ದು ಅಂತ ಯೋಚಿಸಬೇಕಾಗಿರಲಿಲ್ಲ. ದೊಡ್ಡವ್ವ ಮೂರು ತಾಕು ಆಚೆ ಕೂತಿದ್ದಳು, ನನ್ನನ್ನೇ ನೋಡುತ್ತಿದ್ದಳು.

ಆವತ್ತು ಸಂಜೆ ಪುಸ್ತಕದಲ್ಲಿ ಆ ತಾಕಿನ ಎದುರಿಗೆ ಹಿಂದಿನ ವರ್ಷದ ಎತ್ತರಕ್ಕೆ ಒಂದು ಬೆರಳು ಹೆಚ್ಚು ಮಾಡಿ ಬರೆದೆ. ಸುಳ್ಳು ಅಂಕಿ. ನನ್ನ ನೌಕರಿಯಲ್ಲಿ ಅದೊಂದೇ. ಕೊಯ್ಲಿನ ತನಕ ಹೀಗೇ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ, ವಿಜ್ಞಾನಿಗಳು ಬಂದಾಗ ಬೇರೆ ಕಡೆಯಿಂದ ಕರೆದುಕೊಂಡು ಹೋದರಾಯಿತು ಅಂತೆಲ್ಲ ಲೆಕ್ಕ ಹಾಕಿದೆ. ಎರಡನೇ ವಾರವೂ ಹಾಗೇ ಬರೆಯಬೇಕಿತ್ತು. ಎಷ್ಟು ಬರೆದರೆ ನಂಬುವಂತಿರುತ್ತದೆ ಎಂದು ತಿಳಿಯಲು ಹಳೆಯ ಪುಸ್ತಕಗಳನ್ನು ತೆಗೆದು, ಬೇರೆ ಬೇರೆ ವರ್ಷಗಳಲ್ಲಿ ಅದೇ ವಾರ ಎಷ್ಟಿತ್ತು ಅಂತ ನೋಡುತ್ತಾ ಹೋದೆ. ಅವರ ಅಕ್ಷರದ ಒಂದು ಪುಟದಲ್ಲಿ, ಅಂಕಿಗಳ ಕೆಳಗೆ, ಸಣ್ಣದಾಗಿ ಬರೆದಿದ್ದರು: ಮೇಲಿನ ಮೂರು ಸಾಲು ನಂಬಬೇಡಿ. ಜ್ವರ ಇತ್ತು, ಎಣಿಕೆ ತಪ್ಪಿದೆ. ಕೆಳಗೆ ಸಹಿ.

ಆ ವಾರ ಅವರಿಗೆ ಜ್ವರ ಇದ್ದದ್ದು ನನಗೆ ಗೊತ್ತಿರಲಿಲ್ಲ. ಹೊನ್ನಾಳಿಗೆ ಬಂದಾಗ ಹೇಳಿರಲಿಲ್ಲ. ಜ್ವರದಲ್ಲಿ ಒಬ್ಬರೇ ಹೊಲದಲ್ಲಿ ಕೂತು ಎಣಿಸಿ, ಎಣಿಕೆ ತಪ್ಪಿತು ಅಂತ ಗೊತ್ತಾಗಿ, ಅದನ್ನು ಯಾವತ್ತೋ ಯಾರೋ ಓದುತ್ತಾರೆ ಅಂತ ಬರೆದಿಟ್ಟಿದ್ದರು. ನನಗೆ ಹೇಳದ್ದನ್ನು ಪುಸ್ತಕಕ್ಕೆ ಹೇಳಿದ್ದರು. ನಾನು ಅಡುಗೆಮನೆಗೆ ಹೋಗಿ ಅಲ್ಲಿ ನೆಲದ ಮೇಲೆ ಕೂತು ಅತ್ತೆ. ಬೆಳಗ್ಗೆ ವಿಜ್ಞಾನಿಗಳಿಗೆ ಫೋನು ಮಾಡಿದೆ. ತಾಕಿಗೆ ಗೊಬ್ಬರ ಬಿದ್ದದ್ದನ್ನೂ, ನಾನು ಸುಳ್ಳು ಬರೆದದ್ದನ್ನೂ ಹೇಳಿದೆ. ಯಾರು ಹಾಕಿದ್ದು ಅಂತ ಕೇಳಿದರು. ಗೊತ್ತಿಲ್ಲ ಅಂದೆ.

ಅವರು ಮರುದಿನವೇ ಬಂದರು. ಕೂಲಿಯವರನ್ನೆಲ್ಲ ಬೇವಿನ ಮರದ ಕೆಳಗೆ ಸೇರಿಸಿ, ಬೈಯುವುದಿಲ್ಲ, ಯಾರೆಂದು ತಿಳಿಯಬೇಕಷ್ಟೇ ಅಂದರು. ದೊಡ್ಡವ್ವ ಕುರ್ಚಿಗೆಯನ್ನು ಕೆಳಗಿಟ್ಟು ಎದ್ದು ನಿಂತಳು. ತಾನೇ ಹಾಕಿದ್ದು ಅಂದಳು. ತಮ್ಮನ ಕುರಿಹಟ್ಟಿಯಿಂದ ಪುಟ್ಟಿಯಲ್ಲಿ ಹೊತ್ತು ತಂದದ್ದು, ಅಮಾವಾಸ್ಯೆಯ ದಿನ ಬೆಳಗ್ಗೆ. ಕಾಣದ ಹಾಗೆ ಮೇಲೆ ಮಣ್ಣು ಎಳೆದಿದ್ದಳಂತೆ. ವಾಚ್‌ಮನ್ ಕೇಳಿದ್ದಕ್ಕೆ ಸಾಹೇಬ್ರು ಹೇಳಿದಾರೆ ಅಂದಿದ್ದಳಂತೆ.

ವಿಜ್ಞಾನಿಗಳು ಬೈಯಲಿಲ್ಲ. ಆದರೆ ಪುಸ್ತಕ ತೆಗೆದು ಕೇಳುತ್ತಾ ಹೋದರು. ಎಷ್ಟು ಪುಟ್ಟಿ? ಒಂಬತ್ತು. ತುಂಬಿದ್ದಾ? ಆರು ತುಂಬಿದ್ದು, ಮೂರು ತಗ್ಗು. ಹೊಸ ಹಿಕ್ಕೆಯೋ, ಹಳೆಯದೋ? ಕುರಿ ಏನು ಮೇಯುತ್ತವೆ? ಕೈಯಲ್ಲಿ ಎರಚಿದ್ದೋ, ಸುರಿದು ಹರಡಿದ್ದೋ? ಅದೇ ಪುಟ್ಟಿಯನ್ನು ತರಿಸಿ, ಅದೇ ಹಟ್ಟಿಯಿಂದ ಹಿಕ್ಕೆ ತುಂಬಿಸಿ ತೂಗಿಸಿದರು. ದೊಡ್ಡವ್ವ ಎಲ್ಲದಕ್ಕೂ ಉತ್ತರ ಕೊಟ್ಟಳು. ಪೊಲೀಸರಿಗೆ ಬರೀತೀರೇನ್ರಿ ಅಂತ ಕೇಳಿದಳು.

"ಇಲ್ಲಮ್ಮ," ಅಂದರು ಅವರು. "ಇನ್ನು ಆ ತಾಕನ್ನು ಮೊದಲಿನ ಥರ ಮಾಡೋಕೆ ಆಗಲ್ಲ. ಆದರೆ ನೀವು ಹಾಕಿದ್ದು ಎಷ್ಟು ವರ್ಷ ಇರುತ್ತೆ ಅಂತ ನೋಡಬಹುದು."

ದೊಡ್ಡವ್ವ ಕುರ್ಚಿಗೆಯನ್ನು ಎತ್ತಿಕೊಂಡಳು. "ನಾನು ಹಾಕಿದ್ದನ್ನೂ ನೋಡಾಕೇ ಕುಂತ್ರಾ?" ಅಂದಳು.

ಅವರು ಹೋದ ಮೇಲೆ ನಾನು ಆಕೆಯ ಹತ್ತಿರ ಹೋದೆ. ನಾನು ನಿನ್ನ ಹೆಸರು ಹೇಳಲಿಲ್ಲ ಅಂದೆ. ಗೊತ್ತು ಅಂದಳು. ನೀನು ಏನೂ ಹೇಳದಿದ್ರೆ ಆಗ್ತಿತ್ತು ಅಂದಳು. ಸಿಟ್ಟಿನ ದನಿಯಲ್ಲ, ಸುಮ್ಮನೆ ಹೇಳಿದ ಹಾಗೆ. ಆಮೇಲೆ, ಮೂವತ್ತು ವರ್ಷ ಕಣ್ಣಮುಂದೆ ನೋಡಿದೀನಿ ಬೂಬಮ್ಮ, ಒಂದೇ ಒಂದು ವರ್ಷ ಅದು ನೆಟ್ಟಗೆ ನಿಂತದ್ದನ್ನ ಜನ ನೋಡಲಿ ಅಂತ ಮಾಡಿದೆ ಅಂದಳು. ಮುಂದಿನ ತಿಂಗಳ ಕ್ಷೇತ್ರೋತ್ಸವದಲ್ಲಿ ಆ ಹುಡುಗ ಮತ್ತೆ ಬರಬಹುದು ಅನ್ನುವುದು ಅವಳ ಮನಸ್ಸಿನಲ್ಲಿತ್ತು.

ಅವನು ಬರಲಿಲ್ಲ. ಬಂದವರು ಆ ತಾಕಿನ ಮುಂದೆ ನಿಲ್ಲಲೂ ಇಲ್ಲ, ಈಗ ಅದು ಎಲ್ಲ ರಾಗಿಯ ಹಾಗೇ ಇತ್ತು, ನೋಡುವಂಥದ್ದೇನೂ ಇರಲಿಲ್ಲ. ಅಷ್ಟರಲ್ಲಿ ತಗಡಿನ ಬೋರ್ಡು ಬದಲಾಗಿತ್ತು. ಹೊಸದರಲ್ಲಿ ಏನು ಬರೆದಿದೆ ಅಂತ ದೊಡ್ಡವ್ವ ಕೇಳಿದಳು. ಒಂದು ಬಾರಿ ಕುರಿ ಗೊಬ್ಬರ ಬಿದ್ದ ತಾಕು ಅಂತ ಓದಿ ಹೇಳಿದೆ. ತಪ್ಪನ್ನ ಬೋರ್ಡಿಗೆ ಬರೆದು ನಿಲ್ಲಿಸಿದ್ರು ಅಂದಳು. ತಪ್ಪಲ್ಲ ದೊಡ್ಡವ್ವ, ಅದು ಈಗ ಪ್ರಯೋಗದ ಭಾಗ ಅಂತ ನಾನು ಹೇಳಿದ್ದು ಅವಳಿಗೆ ಸಮಾಧಾನ ತರಲಿಲ್ಲ. ಅದಾದ ಮೇಲಿನ ಸೋಮವಾರ ಆಕೆ ಕೆಲಸಕ್ಕೆ ಬರಲಿಲ್ಲ. ಮಂಗಳವಾರವೂ ಇಲ್ಲ. ಯಾರೂ ಬೇಡ ಅಂದಿರಲಿಲ್ಲ. ವಾರ ಕಳೆದು ಅವಳ ಊರಿಗೆ ನಡೆದುಕೊಂಡು ಹೋದೆ. ತಮ್ಮನ ಹೆಂಡತಿ ಹೊರಗೆ ಬಂದು, ಮಗಳ ಮನೆಗೆ ಹೋದಳು, ನ್ಯಾಮತಿ ಕಡೆ, ಇನ್ನು ಅಲ್ಲೇ ಇರ್ತಾಳಂತೆ ಅಂದಳು. ನನಗೇನಾದರೂ ಹೇಳಿ ಹೋದಳಾ ಅಂತ ಕೇಳಿದೆ. ಇಲ್ಲ ಅಂದಳು.

ಆ ಕೊಯ್ಲನ್ನು ಹೇಗೆ ಮಾಡಿದೆ ಅಂತ ಈಗ ನೆನಪಾಗುವುದಿಲ್ಲ. ಹೊಸದಾಗಿ ಬಂದ ಹೆಂಗಸರು ಒಳ್ಳೆಯವರೇ. ಅವರು ಜೊತೆಜೊತೆಯಾಗಿ ಬರುತ್ತಿದ್ದರು, ಜೊತೆಯಾಗಿ ಹೋಗುತ್ತಿದ್ದರು. ಅಷ್ಟು ಹೊತ್ತಿಗೆ ರಂಜಾನ್ ಬೇಸಿಗೆಗೆ ಸರಿದಿತ್ತು, ಹೊಲ ಖಾಲಿ ಇರುವ ಕಾಲಕ್ಕೆ. ಕಟ್ಟೆಯ ಮೇಲೆ ಯಾರೂ ಕೂರುತ್ತಿರಲಿಲ್ಲ. ನಾನು ನಿಜ ಹೇಳಿದ್ದು ಸರಿ ಅಂತ ನನಗೆ ಗೊತ್ತಿತ್ತು, ಇವತ್ತೂ ಗೊತ್ತಿದೆ. ಆದರೂ ಖರ್ಜೂರದ ಡಬ್ಬಿ ತೆಗೆಯುವಾಗ, ಒಂದು ಸುಳ್ಳು ಅಂಕಿಗೆ ಸುಮ್ಮನಿದ್ದಿದ್ದರೆ ಇವಳು ಇಲ್ಲೇ ಇರುತ್ತಿದ್ದಳು ಅನ್ನಿಸುತ್ತಿತ್ತು.

ಆ ಮೊದಲ ಕೊಯ್ಲಿನ ತೂಕವೆಲ್ಲ ಮುಗಿದ ಮೇಲೆ ಒಂದು ಭಾನುವಾರ ನ್ಯಾಮತಿಗೆ ಹೊರಟೆ. ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಹೊನ್ನಾಳಿ, ಅಲ್ಲಿಂದ ನ್ಯಾಮತಿ. ಮಗಳ ಊರಿಗೆ ಸೂರಗೊಂಡನಕೊಪ್ಪದ ದಾರಿಯಲ್ಲಿ ಇಳಿದು ಸ್ವಲ್ಪ ನಡೆಯಬೇಕು. ದೊಡ್ಡವ್ವ ಅಂಗಳದಲ್ಲಿ ಮೆಕ್ಕೆಜೋಳ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ. ನಾನೂ ಕೂತು ಒಂದು ತೆನೆ ಕೈಗೆ ತೆಗೆದುಕೊಂಡೆ. ಅವಳ ಮಗಳು ಚಹಾ ಕೊಟ್ಟು ಒಳಗೆ ಹೋದಳು. ಬಹಳ ಹೊತ್ತು ನಾವಿಬ್ಬರೂ ಬರೀ ಜೋಳ ಬಿಡಿಸಿದೆವು.

ಕೊನೆಗೆ ಆಕೆಯೇ ಕೇಳಿದಳು. ಎಷ್ಟು ಬಂತು?

ಚೀಟಿ ತೆಗೆದು ಓದಿದೆ. ಉಳಿದ ಮೂರು ಉಪಾಸದ ತಾಕುಗಳಲ್ಲಿ ಬಂದದ್ದಕ್ಕಿಂತ ನಿನ್ನ ತಾಕಿನಲ್ಲಿ ಎರಡು ಪಟ್ಟು ಬಂದಿದೆ ಅಂದೆ. ನಿನ್ನ ತಾಕು ಅಂತ ಬಾಯಿಗೆ ಬಂದುಬಿಟ್ಟಿತು. ಆಕೆ ತೆನೆಯನ್ನು ಮಡಿಲಲ್ಲಿಟ್ಟುಕೊಂಡು ನಕ್ಕಳು. ಮೇಲಿನ ದವಡೆಯ ಹಲ್ಲೊಂದು ಹೋಗಿತ್ತು.

ಆಮೇಲೆ ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಹೋಗುತ್ತಿದ್ದೆ. ಯಾರೂ ಮತ್ತೆ ಗೊಬ್ಬರ ಹಾಕಿರಲಿಲ್ಲ, ಹಾಕದಂತೆ ನಾನೇ ಕಾಯುತ್ತಿದ್ದೆ. ಎರಡನೇ ವರ್ಷ ಒಂದೂವರೆ ಪಟ್ಟಿತ್ತು. ಮೂರನೇ ವರ್ಷ ಮಳೆ ಕೈಕೊಟ್ಟು ಎಲ್ಲ ತಾಕುಗಳಲ್ಲೂ ಕಡಿಮೆಯಾಯಿತು, ಆದರೂ ಅವಳದ್ದು ಉಳಿದ ಮೂರಕ್ಕಿಂತ ಮುಂದಿತ್ತು. ಕೊರೊನಾ ಕಾಲದಲ್ಲಿ ಹೋಗಲಾಗದೆ ಮಗಳ ಫೋನಿಗೆ ಕರೆ ಮಾಡಿ ಹೇಳಿದೆ. ಆಕೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಕೂಗಿ ಕೂಗಿ ಮಾತಾಡಿದಳು. ಪ್ರತಿ ಸಲವೂ ಒಂದೇ ಪ್ರಶ್ನೆ: ಇನ್ನಾ ಐತಾ? ಐತೆ ಅನ್ನುತ್ತಿದ್ದೆ, ಸ್ವಲ್ಪ ಕಡಿಮೆ ಆಗೈತೆ, ಆದ್ರೂ ಐತೆ. ಅವಳಿಗೆ ಹೇಳುವುದೊಂದಿದೆ ಅಂತ ನಾನು ಆ ತಾಕನ್ನು ಉಳಿದವಕ್ಕಿಂತ ಮೊದಲು ಅಳೆಯುತ್ತಿದ್ದೆ. ವಿಜ್ಞಾನಿಗಳು ಕೂಡ ದೊಡ್ಡ ಕಚೇರಿಯಿಂದ ಫೋನು ಮಾಡಿದಾಗ ಮೊದಲು ಕೇಳುತ್ತಿದ್ದದ್ದು ಅದನ್ನೇ. ಅವರು ರಿಟೈರಾದ ದಿನ, ನಮ್ಮ ಪ್ರಯೋಗದಲ್ಲಿ ಯೋಚನೆ ಮಾಡದೆ ಆದದ್ದು ಅದೊಂದೇ ನೋಡಿ, ನನಗೆ ಅದರ ಮೇಲೇ ಕುತೂಹಲ ಅಂದರು.

ಆರನೇ ಕೊಯ್ಲಿನಲ್ಲಿ ನಾಲ್ಕೂ ತಾಕಿನ ಕಾಳನ್ನು ಒಣಗಿಸಿ ತೂಗಿದೆ. ಅವಳ ತಾಕಿನದು ಉಳಿದ ಮೂರರ ನಡುವೆ ಬಂತು. ಒಂದು ತಾಕಿಗಿಂತ ಹೆಚ್ಚು, ಇನ್ನೆರಡಕ್ಕಿಂತ ಕಡಿಮೆ. ತಕ್ಕಡಿ ಸರಿಯಿದೆಯೋ ಅಂತ ನೋಡಿ ಮತ್ತೊಮ್ಮೆ ತೂಗಿದೆ. ಅಷ್ಟೇ ಬಂತು. ಪುಸ್ತಕದಲ್ಲಿ ಬರೆದೆ.

ಆ ವರ್ಷ ಹೊನ್ನಾಳಿಯಲ್ಲಿ ಇಳಿದು ಬಹಳ ಹೊತ್ತು ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದೆ. ನ್ಯಾಮತಿಯ ಎರಡು ಬಸ್ಸು ಬಿಟ್ಟೆ. ಆಕೆಗೆ ಓದಲು ಬರುವುದಿಲ್ಲ, ನಾನು ಏನು ಹೇಳಿದರೆ ಅದು. ಇನ್ನೂ ಇದೆ ಅಂದರೆ ಮುಂದಿನ ವರ್ಷ ಹೋಗಲು ನನಗೂ ಒಂದು ಕಾರಣ ಇರುತ್ತದೆ. ಹಾಗೆ ಹೇಳಬೇಕು ಅಂತಲೇ ನಿರ್ಧರಿಸಿ ಮೂರನೇ ಬಸ್ಸು ಹತ್ತಿದೆ.

ದೊಡ್ಡವ್ವ ಈಗ ಮಂಚದ ಮೇಲೇ ಇರುತ್ತಾಳೆ. ಮಂಡಿ ಹಿಡಿದುಕೊಂಡಿದೆ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು.

"ಇನ್ನಾ ಐತಾ?"

ಐತೆ ಅನ್ನಬೇಕೆಂದೇ ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಗಲಿಲ್ಲ.

"ಮುಗೀತು ದೊಡ್ಡವ್ವ," ಅಂದೆ. "ಈ ವರ್ಷ ನಾಲ್ಕೂ ಒಂದೇ ಆದವು."

ಆಕೆ ಬೆರಳು ಮಡಿಸುತ್ತಾ ಎಣಿಸಿದಳು. "ಐದು ಬೆಳೆ ಉಂಡೈತೆ," ಅಂದಳು. "ಒಂಬತ್ತು ಪುಟ್ಟಿಗೆ ಐದು ಬೆಳೆ. ಸಾಕು ಬಿಡು."

ಇನ್ನು ಅದನ್ನು ಏನು ಮಾಡುತ್ತಾರೆ ಅಂತ ಕೇಳಿದಳು. ಮೊದಲಿನ ಹಾಗೇ, ಏನೂ ಹಾಕುವುದಿಲ್ಲ ಅಂದೆ. ಹ್ಞೂಂ ಅಂದಳು. ನಿನ್ನ ಸರ್ವೀಸು ಇನ್ನೆಷ್ಟು ವರ್ಷ ಅಂತ ಕೇಳಿದಳು. ನಾಲ್ಕು ಅಂದೆ. ಆಮೇಲೆ ಎಲ್ಲಿರ್ತೀಯ, ಚನ್ನಗಿರಿನೋ ಹೊನ್ನಾಳಿನೋ? ಚನ್ನಗಿರಿಯಲ್ಲಿ ಅಣ್ಣನ ಮನೆ ತುಂಬಿದೆ, ಹೊನ್ನಾಳಿಯ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಇನ್ನೂ ಯೋಚಿಸಿಲ್ಲ ಅಂದೆ. ಅದು ನಿಜ. ಆಕೆ ಮಗಳನ್ನು ಕರೆದು, ಬೂಬಮ್ಮ ಉಂಡು ಹೋಗ್ತಾಳೆ, ರೊಟ್ಟಿ ತಟ್ಟು ಅಂದಳು. ಬಸ್ಸು ತಪ್ಪುತ್ತದೆ ಅಂದದ್ದಕ್ಕೆ, ತಪ್ಪಿದ್ರೆ ಇಲ್ಲೇ ಇರು, ನಾಳೆ ಹೋದ್ರಾತು ಅಂದಳು.

ನಾಳೆ ಸೋಮವಾರ, ಮಣ್ಣಿನ ಮಾದರಿ ತೆಗೆದು ಕಳಿಸಬೇಕಿತ್ತು. ಉಂಡು, ಐದೂವರೆಯ ಬಸ್ಸಿಗೆ ಹೊರಟೆ. ಅವಳ ಮಗಳು ರಸ್ತೆಯ ತನಕ ಜೊತೆಗೆ ಬಂದು ನಿಂತಳು. ಬರುವ ವರ್ಷನೂ ಬರ್ರಿ ಅಕ್ಕ, ನೀವು ಬಂದ್ರೆ ಅವ್ವ ಎರಡು ರೊಟ್ಟಿ ಹೆಚ್ಚು ಉಣ್ತಾಳೆ ಅಂದಳು. ಬಸ್ಸು ಬಂತು. ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು, ಕೂತೆ.